ಅಳುವವರಿಂದ ಎಷ್ಟು ದೂರ ನಿಲ್ಲಬೇಕು?

ಮದುವೆ ವಿಡಿಯೊ ತೆಗೆಯುವವನಿಗೆ ಹೆಣ್ಣೊಪ್ಪಿಸುವ ಶಾಸ್ತ್ರ ಅಂದರೆ ಪರೀಕ್ಷೆ ಇದ್ದ ಹಾಗೆ. ಊಟದ ಪಂಕ್ತಿ ಪೂರ್ತಿ ಬರದಿದ್ದರೂ ಪಾರ್ಟಿಯವರು ಸುಮ್ಮನಿರುತ್ತಾರೆ. ಸ್ಟೇಜ್ ಮೇಲೆ ಬಂದ ನಾಲ್ಕು ಜನ ನೆಂಟರು ಬಿಟ್ಟುಹೋದರೂ ನಡೆಯುತ್ತದೆ. ಮಗಳು ಅಪ್ಪನ ಹೆಗಲಿಗೆ ತಲೆ ಇಟ್ಟು ಅತ್ತದ್ದು ಕ್ಯಾಸೆಟ್ಟಿನಲ್ಲಿ ಇಲ್ಲ ಅಂದರೆ ಮಾತ್ರ ಬ್ಯಾಲೆನ್ಸ್ ದುಡ್ಡು ಬರುವುದಿಲ್ಲ.

ಸಾಗರದಲ್ಲಿ ನಾನು ಈ ಕೆಲಸಕ್ಕೆ ಇಳಿದದ್ದು 1995ರಲ್ಲಿ. ಭುಜದ ಮೇಲೆ ಹೊರುವ ವಿಎಚ್‌ಎಸ್ ಕ್ಯಾಮೆರಾ. ಹಿಂದೆ ಹ್ಯಾಲೊಜೆನ್ ಲೈಟ್ ಹಿಡಿದು ವೈರ್ ಎಳೆದುಕೊಂಡು ಬರುವ ಒಬ್ಬ ಹುಡುಗ. ಕ್ಯಾಮೆರಾದ ಬಲಗಡೆ ಹಿಡಿಕೆಯ ಮೇಲೆ ಆ ಕಡೆ ಈ ಕಡೆ ಆಡುವ ಒಂದು ಬಟನ್. 'ಟಿ' ಕಡೆ ಒತ್ತಿದರೆ ಮುಖ ಹತ್ತಿರ ಬರುತ್ತದೆ, 'ಡಬ್ಲ್ಯು' ಕಡೆ ಒತ್ತಿದರೆ ದೂರ ಹೋಗುತ್ತದೆ. ಕೆಲಸ ಕಲಿಸಿದ ಸ್ಟುಡಿಯೊ ಓನರು ಮೊದಲ ದಿನವೇ ಹೇಳಿದ್ದರು. "ಕಣ್ಣಲ್ಲಿ ನೀರು ಕಂಡ ಕೂಡ್ಲೇ ಬೆರಳು ಟಿ ಮೇಲಿರ್ಬೇಕು ಮಾರಾಯ. ನೀರು ಕೆನ್ನೆಗೆ ಇಳಿಯೋದ್ರೊಳಗೆ ನೀನು ಅಲ್ಲಿಗೆ ಮುಟ್ಟಿರ್ಬೇಕು."

ಮುಟ್ಟುತ್ತಿದ್ದೆ. ಮೊದಲ ಮೂರು ವರ್ಷದಲ್ಲಿ ನೂರಕ್ಕೂ ಜಾಸ್ತಿ ಮದುಮಕ್ಕಳ ಕಣ್ಣೀರಿಗೆ ಝೂಮ್ ಮಾಡಿರಬೇಕು. ಒಂದಕ್ಕೂ ತಡ ಆಗಿಲ್ಲ.

ಸಿನಿಮಾ ಬಗ್ಗೆ ಬರೆಯುತ್ತೇನೆ ಅಂತ ಕೂತು ಮದುವೆ ಕಥೆ ಶುರು ಮಾಡಿದೆ ಅಂದುಕೊಳ್ಳಬೇಡಿ. ನಿರ್ದೇಶಕರ ಶೈಲಿ, ಶೈಲಿ ಅನ್ನುತ್ತಾರಲ್ಲ, ಅದು ನನಗೆ ತಲೆಗೆ ಹೋದದ್ದೇ ಆ ಬಟನ್ನಿನಿಂದ. ಈಗಲೂ ಯಾವ ಸಿನಿಮಾ ನೋಡಿದರೂ ನಾನು ಕಾಯುವುದು ಒಂದು ಕ್ಷಣಕ್ಕೆ. ಯಾರಾದರೂ ಅಳಬೇಕು. ಆಗ ಈ ಮನುಷ್ಯ ಕ್ಯಾಮೆರಾ ಎಲ್ಲಿಟ್ಟ ಅಂತ ನೋಡುತ್ತೇನೆ. ಅಷ್ಟು ಗೊತ್ತಾದರೆ ಅವನ ಬಗ್ಗೆ ಅರ್ಧ ಗೊತ್ತಾಯಿತು.

ಝೂಮ್ ಅಂದರೆ ಕನ್ನಡದವರಿಗೆ ಪುಟ್ಟಣ್ಣ ಕಣಗಾಲ್. ನಮ್ಮ ಅಮ್ಮನಿಗೆ ಪುಟ್ಟಣ್ಣ ಅಂದರೆ ಜೀವ. ನಾನು 'ಶರಪಂಜರ' ನೋಡಿದ್ದು ಗಣಪತಿ ಹಬ್ಬಕ್ಕೆ ಓಣಿಯವರೆಲ್ಲ ದುಡ್ಡು ಹಾಕಿ ಟಿವಿ, ವಿಸಿಪಿ ಬಾಡಿಗೆಗೆ ತಂದಾಗ. ಒಂದು ರಾತ್ರಿಗೆ ಮೂರು ಕ್ಯಾಸೆಟ್ಟು. ಮೊದಲನೆಯದು ರಾಜ್‌ಕುಮಾರ್‌ದು, ಎರಡನೆಯದು ಹೆಂಗಸರ ಒತ್ತಾಯಕ್ಕೆ ತಂದ 'ಶರಪಂಜರ'. ಗಂಡಸರು ಎದ್ದು ಬೀಡಿ ಸೇದಲು ಹೋದರು. ನಾನು ಅಮ್ಮನ ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂತಿದ್ದೆ.

1971ರ ಚಿತ್ರ ಅದು. ತ್ರಿವೇಣಿಯವರ ಕಾದಂಬರಿ. ಕಲ್ಪನಾ ಮಾಡಿದ ಕಾವೇರಿ ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಬೀಳುತ್ತಾಳೆ, ಆಸ್ಪತ್ರೆಗೆ ಹೋಗಿ ವಾಸಿಯಾಗಿ ಮನೆಗೆ ಬರುತ್ತಾಳೆ. ಕಥೆ ಬಿಗಿಯಾಗುವುದು ಅಲ್ಲಿಂದ. ಕಾಯಿಲೆ ಹೋಗಿದೆ, ಜನರ ಕಣ್ಣು ಹೋಗಿಲ್ಲ. ಅವಳು ಜೋರಾಗಿ ನಕ್ಕರೆ ಅನುಮಾನ, ಸುಮ್ಮನೆ ಕೂತರೆ ಅನುಮಾನ. ಗಂಡನ ಮನಸ್ಸು ಅಷ್ಟರಲ್ಲಿ ಬೇರೆ ಕಡೆ ಹರಿದಿದೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ.

ಪುಟ್ಟಣ್ಣನವರ ಕ್ಯಾಮೆರಾ ಮುಖಕ್ಕೆ ಧುಮುಕುತ್ತದೆ. ಒಂದು ಚುಚ್ಚುಮಾತು ಬಿತ್ತು, ಝೂಮ್. ಯಾರೋ ತಿರುಗಿ ನೋಡಿದರು, ಝೂಮ್. ಈಗಿನ ಹುಡುಗರು ಇದನ್ನು ನೋಡಿ ನಗುತ್ತಾರೆ. ನನ್ನ ಅಸಿಸ್ಟೆಂಟ್ ಹುಡುಗ ಒಮ್ಮೆ "ಅಣ್ಣಾ, ಇವ್ರು ಝೂಮ್ ಬಟನ್ ಮೇಲೆ ಕೂತ್ಕೊಂಡಿದ್ರಾ?" ಅಂದ. ನಾನೂ ನಕ್ಕೆ. ಆಮೇಲೆ ಕೂತು ಯೋಚಿಸಿದೆ.

ಝೂಮ್ ಮಾಡುವಾಗ ಕ್ಯಾಮೆರಾ ಒಂದು ಇಂಚೂ ಮುಂದೆ ಹೋಗುವುದಿಲ್ಲ. ಇದ್ದಲ್ಲೇ ಇರುತ್ತದೆ. ಒಳಗೆ ಲೆನ್ಸು ಸರಿದು ಮುಖವನ್ನು ದೊಡ್ಡದು ಮಾಡುತ್ತದೆ, ಜೊತೆಗೆ ಹಿಂದಿನ ಗೋಡೆಯನ್ನೂ ಅಷ್ಟೇ ದೊಡ್ಡದು ಮಾಡಿ ಮುಖಕ್ಕೆ ತಂದು ಅಂಟಿಸುತ್ತದೆ. ಟ್ರಾಲಿ ಹಾಕಿ ಮುಂದೆ ಹೋದರೆ ಹೀಗೆ ಆಗುವುದಿಲ್ಲ. ಆಗ ನಾವು ನಿಜವಾಗಿ ಆ ಮನುಷ್ಯನ ಹತ್ತಿರ ನಡೆದು ಹೋಗುತ್ತೇವೆ, ಕುರ್ಚಿ ಬಾಗಿಲು ಎಲ್ಲ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಝೂಮ್‌ನಲ್ಲಿ ಯಾರೂ ನಡೆಯುವುದಿಲ್ಲ. ದೂರದಲ್ಲಿ ನಿಂತವನು ಕಣ್ಣು ಕಿರಿದು ಮಾಡಿ ದಿಟ್ಟಿಸಿದ ಹಾಗೆ ಅದು.

ಕಾವೇರಿಗೆ ಆಗುತ್ತಿರುವುದೂ ಅದೇ ಅಲ್ವಾ? ಯಾರೂ ಹತ್ತಿರ ಬರುವುದಿಲ್ಲ, ಎಲ್ಲರೂ ದಿಟ್ಟಿಸುತ್ತಾರೆ. ಹಿಂದಿನ ಗೋಡೆ ಅವಳ ಬೆನ್ನಿಗೆ ಬಂದು ಒತ್ತುತ್ತದೆ. ಪುಟ್ಟಣ್ಣ ಇದನ್ನೆಲ್ಲ ಲೆಕ್ಕ ಹಾಕಿ ಮಾಡಿದರೋ, ಕೈಗೆ ಬಂದ ಹಾಗೆ ಮಾಡಿದರೋ, ನನಗೆ ಆ ಚರ್ಚೆ ಬೇಡ. ಬೇರೆ ಚಿತ್ರಗಳಲ್ಲಿ ಇದೇ ಝೂಮ್ ಕೆಲವು ಸಲ ಸುಮ್ನೆ ಗದ್ದಲ ಅನಿಸುತ್ತದೆ. 'ಶರಪಂಜರ'ದಲ್ಲಿ ಅದಕ್ಕೆ ಕೆಲಸ ಇದೆ. ಮತ್ತೆ, ಅವರಿಗೆ ಝೂಮ್ ಒಂದೇ ಗೊತ್ತಿದ್ದದ್ದು ಅಂತ ಯಾರಾದರೂ ಅಂದರೆ 1972ರ 'ನಾಗರಹಾವು' ಹಾಕಿ ತೋರಿಸಿ. ಚಿತ್ರದುರ್ಗದ ಬಂಡೆಗಳನ್ನು ಅವರು ರಾಮಾಚಾರಿಯ ಸಿಟ್ಟಿಗೆ ಜೋಡಿ ಮಾಡಿದ ರೀತಿ ನೋಡಿ. 'ಬಾರೇ ಬಾರೇ' ಹಾಡನ್ನು ಸ್ಲೋ ಮೋಷನ್‌ನಲ್ಲಿ ತೇಲಿಸಿದ್ದು ನೋಡಿ. ನಾವು ಮದುವೆ ವಿಡಿಯೊದವರು ಆ ಒಂದು ಹಾಡಿನ ಸಾಲ ಇನ್ನೂ ತೀರಿಸುತ್ತಿದ್ದೇವೆ.

ಇನ್ನು 1998ರ ಆ ಮದುವೆ.

ತಾಳಗುಪ್ಪದ ಕಡೆ ಒಂದು ಹಳ್ಳಿ, ಮನೆ ಅಂಗಳದಲ್ಲೇ ಚಪ್ಪರ. ಹೆಣ್ಣೊಪ್ಪಿಸುವ ಹೊತ್ತಿಗೆ ನನ್ನ ಝೂಮ್ ಬಟನ್ ಕೈಕೊಟ್ಟಿತು. ಡಬ್ಲ್ಯು ಕಡೆ ಹೋಗಿ ಅಲ್ಲೇ ನಿಂತಿತು. ಎಷ್ಟು ಒತ್ತಿದರೂ ಇಲ್ಲ. ಮುಂದೆ ನುಗ್ಗೋಣ ಅಂದರೆ ಹೆಂಗಸರೆಲ್ಲ ಸುತ್ತ ಗುಂಪು ಕಟ್ಟಿದ್ದಾರೆ, ಲೈಟಿನ ವೈರ್ ಬೇರೆ ಅಷ್ಟು ದೂರ ಬರುವುದಿಲ್ಲ. ಚಪ್ಪರದ ಮೂಲೆಯಲ್ಲಿ ಒಂದು ಬೆಂಚಿನ ಮೇಲೆ ಹತ್ತಿ ನಿಂತು ಹತ್ತು ಹನ್ನೆರಡು ನಿಮಿಷ ಒಂದೇ ವೈಡ್ ಶಾಟ್ ತೆಗೆದೆ. ಮೈಯೆಲ್ಲ ಬೆವರು. ಕ್ಯಾಸೆಟ್ ನೋಡಿದ ಪಾರ್ಟಿಯವರು "ಏನ್ರೀ ಇದು, ಸಂತೆ ತೆಗ್ದಂಗೆ ತೆಗ್ದಿದ್ದೀರಿ" ಅಂದರು. ಓನರು ನನ್ನ ಸಂಬಳದಲ್ಲಿ ಮುನ್ನೂರು ರೂಪಾಯಿ ಹಿಡಿದರು.

ಹತ್ತು ಹನ್ನೊಂದು ವರ್ಷ ಆದ ಮೇಲೆ, ಆಗ ನನ್ನದೇ ಸ್ಟುಡಿಯೊ ಆಗಿತ್ತು, ಹಳೆ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಹಾಕಿಸಿಕೊಳ್ಳುವ ಕಾಲ ಬಂತು. ಆ ಮನೆಯ ಕ್ಯಾಸೆಟ್ಟೂ ಬಂತು. ಕನ್ವರ್ಟ್ ಮಾಡುವುದು ಅಂದರೆ ಮೂರು ಗಂಟೆಯ ಕ್ಯಾಸೆಟ್ಟು ಮೂರು ಗಂಟೆಯೂ ಓಡಬೇಕು, ಬೇರೆ ಉಪಾಯ ಇಲ್ಲ. ನಾನು ಚಹಾ ಕುಡಿಯುತ್ತ ನೋಡುತ್ತಿದ್ದೆ. ನಡುವೆ ಹೆಂಗಸರ ಗುಂಪು, ಅದರೊಳಗೆ ಎಲ್ಲೋ ಮದುಮಗಳ ತಲೆಯ ಹೂವು. ಎಡಗಡೆ ಮೂಲೆಯಲ್ಲಿ, ಅಡಿಗೆಮನೆಯ ಬಾಗಿಲ ಹತ್ತಿರ, ಪಂಚೆ ಎತ್ತಿ ಕಟ್ಟಿದ ಒಬ್ಬ ಮನುಷ್ಯ. ಮದುಮಗಳ ಅಪ್ಪ. ಶಾಸ್ತ್ರ ಮುಗಿಸಿ ಅಲ್ಲಿಗೆ ಹೋಗಿದ್ದಾರೆ. ಬಾಡಿಗೆಗೆ ತಂದ ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತ ಎಣಿಸುತ್ತಿದ್ದಾರೆ. ಎಣಿಸಿ ಮುಗಿಯಿತು. ಎಲ್ಲ ಕೆಳಗಿಟ್ಟರು. ಮತ್ತೆ ಮೊದಲಿಂದ ಎಣಿಸಿದರು. ದಿಬ್ಬಣದ ಬಸ್ಸು ಹಾರ್ನ್ ಹೊಡೆಯುವ ತನಕ ಮೂರು ಸಲ ಎಣಿಸಿದರು. ಒಮ್ಮೆಯೂ ಈ ಕಡೆ ತಿರುಗಲಿಲ್ಲ.

ನನ್ನ ಬಟನ್ ಸರಿ ಇದ್ದಿದ್ದರೆ ಆ ಲೋಟ ಯಾರಿಗೂ ಕಾಣುತ್ತಿರಲಿಲ್ಲ.

ಆ ಹೊತ್ತಿಗೆ ಅಂಗಡಿಯಲ್ಲಿ ಇನ್ನೊಬ್ಬರಿದ್ದರು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಹಿರಿಯರು, ಪಾಸ್‌ಪೋರ್ಟ್ ಸೈಜ್ ಫೋಟೊಗೆ ಬಂದವರು. ಹೆಗ್ಗೋಡು ನಮಗೆ ಹತ್ತಿರವೇ. ಕೆ.ವಿ. ಸುಬ್ಬಣ್ಣನವರು 1973ರಲ್ಲೇ ಅಲ್ಲಿ ನೀನಾಸಮ್ ಚಿತ್ರಸಮಾಜ ಶುರು ಮಾಡಿದ್ದರು. ಜಪಾನಿನ ಚಿತ್ರ, ಬಂಗಾಳದ ಚಿತ್ರ, ಇಟಲಿಯ ಚಿತ್ರ ಎಲ್ಲ ನೋಡಿ, ಆಮೇಲೆ ಮನೆಗೆ ಹೋಗಿ ಅಡಿಕೆ ಸುಲಿದ ಜನ ನಮ್ಮ ಕಡೆ ಇನ್ನೂ ಇದ್ದಾರೆ. ಅವರ ಮುಂದೆ ಸಿನಿಮಾ ಮಾತಾಡುವಾಗ ಸ್ವಲ್ಪ ಹುಷಾರಾಗಿರಬೇಕು. ಇವರೂ ಆ ಪೈಕಿ.

"ಏ, ನಿಲ್ಸು ನಿಲ್ಸು. ಹಿಂದೆ ಹಾಕು" ಅಂದರು. ಹಾಕಿದೆ. ಲೋಟ ಎಣಿಸುವುದನ್ನು ಪೂರ್ತಿ ನೋಡಿದರು.

"ಇದು ಬೇಕು ಅಂತ ತೆಗ್ದಿದ್ದಾ?"

"ಇಲ್ಲ ಸಾರ್. ಬಟನ್ ಕೆಟ್ಟಿತ್ತು."

"ಕೆಟ್ಟಿದ್ದು ಒಳ್ಳೇದಾಯ್ತು. ಕಾಸರವಳ್ಳಿ ನೋಡಿದ್ಯಾ?"

ನಿರ್ದೇಶಕ ಗಿರೀಶ್ ಕಾಸರವಳ್ಳಿ. ಹೆಸರು ಕೇಳಿದ್ದೆ. ತೀರ್ಥಹಳ್ಳಿ ತಾಲೂಕಿನ ಕೆಸಲೂರಿನವರು, ನಮ್ಮ ಜಿಲ್ಲೆಯವರೇ. ಅವರ ಮೊದಲ ಚಿತ್ರ 'ಘಟಶ್ರಾದ್ಧ' ನಾನು ಚಿಕ್ಕವನಿದ್ದಾಗ ದೂರದರ್ಶನದಲ್ಲಿ ಬಂದಿತ್ತು. ಭಾನುವಾರ ಮಧ್ಯಾಹ್ನ ಪ್ರಶಸ್ತಿ ಚಿತ್ರ ಹಾಕುತ್ತಿದ್ದರಲ್ಲ, ಆಗ. ಕಪ್ಪು ಬಿಳುಪು, ಹಾಡಿಲ್ಲ, ಫೈಟ್ ಇಲ್ಲ. ಅರ್ಧಕ್ಕೆ ಎದ್ದು ಕ್ರಿಕೆಟ್ ಆಡಲು ಹೋಗಿದ್ದೆ. ಅದನ್ನು ಹೇಳಿದೆ. ಹಿರಿಯರು ಬೈಯಲಿಲ್ಲ. ಮಾರನೇ ದಿನ ಒಂದು ಸಿಡಿ ತಂದು ಕೌಂಟರ್ ಮೇಲೆ ಇಟ್ಟು ಹೋದರು.

ಆ ರಾತ್ರಿ ಅಂಗಡಿಯ ಬಾಗಿಲು ಹಾಕಿಕೊಂಡು ಎಡಿಟಿಂಗ್ ಮಾನಿಟರಿನಲ್ಲಿ ನೋಡಿದೆ. ಪ್ರಿಂಟು ತುಂಬಾ ಗೀರು, ಕತ್ತಲೆಯ ದೃಶ್ಯಗಳಲ್ಲಿ ಮುಖವೇ ಸರಿಯಾಗಿ ಕಾಣದು. (ಈಗ ಅದನ್ನು ಫೋರ್ ಕೆ ಗೆ ಶುದ್ಧ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಾರೆ. ಆ ಪ್ರಿಂಟ್ ನಾನಿನ್ನೂ ನೋಡಿಲ್ಲ. ಛಾಯಾಗ್ರಾಹಕ ಎಸ್. ರಾಮಚಂದ್ರ ಹಚ್ಚಿದ ಬೆಳಕು ಅಸಲಿಗೆ ಹೇಗಿತ್ತು ಅಂತ ನೋಡುವ ಆಸೆ ಇದೆ.)

ಕಥೆ ಯು.ಆರ್. ಅನಂತಮೂರ್ತಿಯವರದ್ದು. ನಾಣಿ ಅನ್ನುವ ಪುಟ್ಟ ಹುಡುಗ ಶೇಷಗಿರಿ ಉಡುಪರ ಮನೆಯ ವೇದಪಾಠಶಾಲೆಗೆ ಬಂದು ಸೇರುತ್ತಾನೆ. ದೊಡ್ಡ ಹುಡುಗರು ಕಾಡುತ್ತಾರೆ. ಅವನನ್ನು ಅಕ್ಕರೆಯಿಂದ ನೋಡುವವಳು ಒಬ್ಬಳೇ, ಉಡುಪರ ವಿಧವೆ ಮಗಳು ಯಮುನಕ್ಕ. ಶಾಲೆಯ ಮೇಷ್ಟ್ರ ಜೊತೆಗಿನ ಸಂಬಂಧದಿಂದ ಅವಳು ಬಸುರಾಗಿದ್ದಾಳೆ. ಇದು ನಮಗೆ ಗೊತ್ತಾಗುತ್ತದೆ, ನಾಣಿಗೆ ಪೂರ್ತಿ ಗೊತ್ತಾಗುವುದಿಲ್ಲ.

ಇಲ್ಲಿ ಕ್ಯಾಮೆರಾ ಎಲ್ಲಿದೆ ಅನ್ನುವುದಕ್ಕೆ ಉತ್ತರ ಸುಲಭ. ಅದು ನಾಣಿಯ ಪಕ್ಕದಲ್ಲಿದೆ. ಅವನಿಗೆ ಕಂಡಷ್ಟೇ ನಮಗೆ. ದೊಡ್ಡವರು ಪಿಸುಗುಟ್ಟುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ, ರಾತ್ರಿ ಎಲ್ಲಿಗೋ ಹೋಗುತ್ತಾರೆ. ಹುಡುಗ ಹಿಂದೆ ಓಡುತ್ತಾನೆ, ಇಲ್ಲವೇ ಹೆದರಿ ನಿಲ್ಲುತ್ತಾನೆ. ಚಿಕ್ಕವರಿದ್ದಾಗ ಮನೆಯಲ್ಲಿ ಏನೋ ಕೆಟ್ಟದ್ದು ನಡೆಯುತ್ತಿದೆ ಅಂತ ಗೊತ್ತಾಗಿ, ಏನು ಅಂತ ಗೊತ್ತಾಗದೆ, ಕಂಬದ ಹಿಂದೆ ನಿಂತಿರುತ್ತೇವಲ್ಲ, ಚಿತ್ರ ಪೂರ್ತಿ ಆ ಕಂಬದ ಹಿಂದಿನಿಂದ ತೆಗೆದ ಹಾಗಿದೆ. ಯಮುನಕ್ಕ ಸಾಯಬೇಕೆಂದು ಹುತ್ತಕ್ಕೆ ಕೈ ಹಾಕುವ ರಾತ್ರಿಯೂ ಜೊತೆಯಲ್ಲಿ ಇರುವವನು ಈ ಹುಡುಗನೇ. ಅಲ್ಲಿ ನನಗೆ ಅವಳಿಗಿಂತ ಜಾಸ್ತಿ ನಾಣಿಯ ಭಯವೇ ತಟ್ಟಿತು. ಬಿ.ವಿ. ಕಾರಂತರ ಸಂಗೀತವೂ ಇಂಥ ಕಡೆ ಅಳಿಸಲು ಬರುವುದಿಲ್ಲ, ಹೆದರಿಸಲು ಬರುತ್ತದೆ. ಆ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ನಾಣಿ ಮಾಡಿದ ಅಜಿತ್ ಕುಮಾರನಿಗೂ ಬಂತು, ಚಿತ್ರಕ್ಕೆ ಸ್ವರ್ಣಕಮಲವೇ ಬಂತು.

ಘಟಶ್ರಾದ್ಧ ಅಂದರೆ ಬದುಕಿರುವವರನ್ನು ಸತ್ತರು ಅಂತ ಲೆಕ್ಕ ಹಾಕಿ ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುವುದು. ಉಡುಪರು ಹೆತ್ತ ಮಗಳಿಗೆ ಅದನ್ನು ಮಾಡುತ್ತಾರೆ. ಕೊನೆಗೆ ಅಪ್ಪ ಬಂದು ನಾಣಿಯನ್ನು ಊರಿಗೆ ಕರೆದುಕೊಂಡು ಹೊರಡುತ್ತಾನೆ. ಹೋಗುವ ದಾರಿಯಲ್ಲಿ ಯಮುನಕ್ಕ ಕಾಣುತ್ತಾಳೆ. ಮರದ ಬುಡದಲ್ಲಿ, ತಲೆ ಬೋಳಿಸಿಕೊಂಡು, ಒಬ್ಬಳೇ.

ನನ್ನ ಬೆರಳು ತನ್ನಷ್ಟಕ್ಕೇ ಆಡಿತು. ನಿಜವಾಗಿ ಹೇಳುತ್ತಿದ್ದೇನೆ, ಮೌಸ್ ಮೇಲೆ ಇಟ್ಟಿದ್ದ ಬೆರಳು ಟಿ ಕಡೆ ಒತ್ತಿದ ಹಾಗೆ ಒತ್ತಿತು. ಅದೇ ಜಾಗದಲ್ಲಿ ನಾನಿದ್ದಿದ್ದರೆ ಆ ಮುಖಕ್ಕೆ ಹೋಗಿ ಕಣ್ಣೀರು ಹುಡುಕುತ್ತಿದ್ದೆ, ಹಿಂದೆ ಶಹನಾಯಿ ಹಾಕುತ್ತಿದ್ದೆ. ಚಿತ್ರ ಹುಡುಗನ ಜೊತೆ ಇರುತ್ತದೆ. ಹುಡುಗ ಹೋಗುತ್ತಿದ್ದಾನೆ, ಅವನ ಕೈ ಅಪ್ಪನ ಕೈಯಲ್ಲಿದೆ, ಹತ್ತಿರ ಹೋಗಿ ಮಾತಾಡಿಸುವ ಹಾಗಿಲ್ಲ. ನಾವೂ ಹೋಗುವ ಹಾಗಿಲ್ಲ. ಪುಟ್ಟಣ್ಣನವರ ಕಾವೇರಿಯನ್ನು ಎಲ್ಲರೂ ದಿಟ್ಟಿಸಿದರು. ಯಮುನಕ್ಕನನ್ನು ನೋಡಬೇಕಾದವರೆಲ್ಲ ಮುಖ ತಿರುಗಿಸಿದ್ದಾರೆ, ನೋಡುವ ಒಬ್ಬನೇ ಒಬ್ಬನಿಗೆ ನಿಲ್ಲುವ ಸ್ವಾತಂತ್ರ್ಯ ಇಲ್ಲ. ಮಗಳ ಶ್ರಾದ್ಧ ಮಾಡಿದ ಉಡುಪರು ಈಗ ತಾವೇ ಒಂದು ಎಳೆ ಹುಡುಗಿಯನ್ನು ಮದುವೆಯಾಗಲು ಹೊರಟ ಸುದ್ದಿಯೂ ಇದೇ ಹೊತ್ತಿಗೆ ಕಿವಿಗೆ ಬೀಳುತ್ತದೆ. ಅದಕ್ಕೆ ಒಂದು ಮಾತಿನ ಪ್ರತಿಭಟನೆ ಇಲ್ಲ. ಪೇಟೆಯಲ್ಲಿ ಯಾರೋ ಯಾರಿಗೋ ಹೇಳಿದ ಹಾಗೆ ಹೇಳಿ ಮುಗಿಸುತ್ತಾರೆ.

ಅಲ್ಲಿಂದ ಶುರುವಾಯಿತು ನನ್ನ ಹುಚ್ಚು. ಮಂಡಿಯ ಹಿರಿಯರು ಒಂದೊಂದೇ ಕೊಟ್ಟರು. 'ತಬರನ ಕಥೆ' (ತೇಜಸ್ವಿಯವರ ಕಥೆ, ಚಾರುಹಾಸನ್ ತಬರ) ನೋಡಿದ ಮೇಲೆ ತಾಲೂಕು ಕಚೇರಿಯ ಮೆಟ್ಟಿಲು ಹತ್ತುವಾಗ ಈಗಲೂ ಒಂದು ನಿಮಿಷ ನಿಲ್ಲುತ್ತೇನೆ. 'ಮನೆ', 'ತಾಯಿಸಾಹೇಬ', 'ಹಸೀನಾ'. ಸಾಲಾಗಿ ನೋಡಿದಾಗ ಒಂದು ವಿಷಯ ಎದ್ದು ಕಂಡಿತು. ಈ ಮನುಷ್ಯನಿಗೆ ಮನೆಯೇ ಕಥೆ. ಯಮುನಕ್ಕನನ್ನು ಮನೆಯಿಂದ ಹೊರಗೆ ಹಾಕುತ್ತಾರೆ. 'ಗುಲಾಬಿ ಟಾಕೀಸ್'ನಲ್ಲಿ ಗುಲಾಬಿಯನ್ನು ಊರಿಂದಲೇ ಹೊರಡಿಸುತ್ತಾರೆ. ಬಾಗಿಲು, ಹೊಸ್ತಿಲು, ಒಳಗೆ ಯಾರು, ಹೊರಗೆ ಯಾರು, ಇದೇ ಮತ್ತೆ ಮತ್ತೆ. ಹಾಗಿದ್ದ ಮೇಲೆ ಅವರು ದೂರ ನಿಲ್ಲಲೇಬೇಕು. ಮುಖಕ್ಕೆ ಹತ್ತಿರ ಹೋದರೆ ಮೊದಲು ಕಾಣೆಯಾಗುವುದು ಮನೆ. ಹತ್ತಿರದ ಶಾಟ್ ಅವರು ತೆಗೆಯುವುದೇ ಇಲ್ಲ ಅಂತಲ್ಲ, ತೆಗೆಯುತ್ತಾರೆ. ಆದರೆ ಆ ಮುಖ ಯಾವ ಬಾಗಿಲಲ್ಲಿ ನಿಂತಿದೆ ಅಂತ ಮೊದಲು ನಮಗೆ ತೋರಿಸಿರುತ್ತಾರೆ.

'ಗುಲಾಬಿ ಟಾಕೀಸ್' ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು, ಯಾಕೆಂದರೆ ಅದು ನನ್ನ ಕಸುಬಿನ ಚಿತ್ರ. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. ಚಿತ್ರದಲ್ಲಿ ಅದು ಕರಾವಳಿಯ ಮೀನುಗಾರರ ಊರಿಗೆ ಬಂದ ಕಲರ್ ಟಿವಿ, ಜೊತೆಗೊಂದು ಡಿಶ್. ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಅದು ಬರುತ್ತದೆ, ಊರ ಹೆಂಗಸರು ಬಂದು ಕೂರುತ್ತಾರೆ. ಕಾಲ ಕಾರ್ಗಿಲ್ ಯುದ್ಧದ್ದು. ಅದೇ ಟಿವಿಯ ಸುದ್ದಿ ಊರೊಳಗೆ ಬಿರುಕು ಬಿಡಿಸುತ್ತದೆ. ಗುಲಾಬಿ ಮುಸ್ಲಿಂ. ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಟಿವಿ ನೋಡುವವರ ಮುಖದ ಮೇಲೆ ಬೀಳುವ ಆ ಬೆಳಕನ್ನು ನೋಡುವಾಗೆಲ್ಲ ನನಗೆ ಗಣಪತಿ ಹಬ್ಬದ ಗೋಣಿಚೀಲ ನೆನಪಾಗುತ್ತದೆ. ನಾವು ಅವತ್ತು ಯಾರ ಪಕ್ಕ ಯಾರು ಅಂತ ನೋಡದೆ ಕೂತಿದ್ದೆವು.

'ದ್ವೀಪ'ವನ್ನು ಮಾತ್ರ ಅಮ್ಮನ ಜೊತೆ ನೋಡಿದೆ. ಅದಕ್ಕೆ ಕಾರಣ ಇತ್ತು.

ಅಮ್ಮ ಹುಟ್ಟಿದ ಮನೆ ಈಗ ಶರಾವತಿಯ ಹಿನ್ನೀರಿನ ಅಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಮ್ಮನಿಗೆ ಆಗ ಹನ್ನೆರಡು ವರ್ಷ. ನಾನು ಈ ನೀರಿನ ಮೇಲೆ ಎಷ್ಟು ದಿಬ್ಬಣ ಶೂಟ್ ಮಾಡಿದ್ದೇನೋ ಲೆಕ್ಕ ಇಲ್ಲ. ಸಿಗಂದೂರಿನ ಲಾಂಚ್‌ನಲ್ಲಿ ಬಸ್ಸು, ಜೀಪು, ಮದುಮಗ, ವಾಲಗದವರು ಎಲ್ಲ ಒಟ್ಟಿಗೆ. ಈಗ 2025ರಲ್ಲಿ ಸೇತುವೆ ಆಯಿತು, ಆ ಶಾಟ್ ಹೋಯಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ 1948ರ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಜನ ಅಲ್ಲಿ ಪ್ರೀ ವೆಡ್ಡಿಂಗ್ ಶೂಟ್ ಮಾಡಿಸಿ ಅಂತ ಕೇಳುತ್ತಾರೆ. ಅಮ್ಮ ಆ ಕಡೆ ಬರುವುದಿಲ್ಲ.

'ದ್ವೀಪ'ದ ಕಥೆ ಬರೆದ ನಾ. ಡಿಸೋಜ ನಮ್ಮ ಸಾಗರದವರು. ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತ ಈ ಮುಳುಗಡೆಯನ್ನು ಕಣ್ಣಾರೆ ಕಂಡವರು. 2002ರ ಚಿತ್ರ, ಸೌಂದರ್ಯ ತಾವೇ ನಿರ್ಮಾಣ ಮಾಡಿ ನಾಗಿಯ ಪಾತ್ರ ಮಾಡಿದರು. ಎರಡು ವರ್ಷಕ್ಕೇ ತೀರಿಕೊಂಡರು. ಅಣೆಕಟ್ಟಿನ ನೀರು ಏರಿ ಸೀತಾಪರ್ವತ ಅನ್ನುವ ಗುಡ್ಡ ದ್ವೀಪವಾಗುತ್ತಿದೆ. ಉಳಿದವರೆಲ್ಲ ಪರಿಹಾರ ತಗೊಂಡು ಹೋಗುತ್ತಾರೆ. ದುಗ್ಗಜ್ಜ, ಅವನ ಮಗ ಗಣಪ, ಸೊಸೆ ನಾಗಿ ಮಾ‍ತ್ರ ಉಳಿಯುತ್ತಾರೆ.

ಮಳೆಯಲ್ಲಿ ಶೂಟ್ ಮಾಡಿದವರಿಗೆ ಗೊತ್ತು ಆ ಕಷ್ಟ. ಲೆನ್ಸಿನ ಮೇಲೆ ಆವಿ ಕೂರುತ್ತದೆ, ಒರೆಸಿದರೆ ಇನ್ನೂ ಮಂಜು. ಫೋಕಸ್ಸು ಮನುಷ್ಯನನ್ನು ಬಿಟ್ಟು ಮಳೆಹನಿಯನ್ನು ಹಿಡಿಯುತ್ತದೆ. ಮೋಡದ ಬೆಳಕಿಗೆ ಎಲ್ಲ ಬೂದಿ ಬಣ್ಣ. ಆಷಾಢದ ಹಿಂದೆ ಮುಂದೆ ಒಂದು ಮದುವೆ ಮಾಡಿ ಮುಗಿಸುವುದರಲ್ಲಿ ನಮಗೆ ಸಾಕಾಗಿ ಹೋಗುತ್ತದೆ. ಎಚ್.ಎಂ. ರಾಮಚಂದ್ರ ಆ ಮಳೆ, ಆ ಬೂದಿ ಬಣ್ಣ, ಆ ಒದ್ದೆ ಹಸಿರನ್ನೇ ಹಿಡಿದು ಇಡೀ ಚಿತ್ರ ಕಟ್ಟಿದ್ದಾರೆ. ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ನೆ ಅಲ್ಲ. ನೀರು ಇಲ್ಲಿ ವಿಲನ್ ಹಾಗೆ ಅಬ್ಬರಿಸಿ ನುಗ್ಗುವುದಿಲ್ಲ. ಇರುತ್ತದೆ ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಇನ್ನೂ ಸ್ವಲ್ಪ ಹತ್ತಿರ ಇರುತ್ತದೆ.

ಅಮ್ಮ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಳು. ಪುಟ್ಟಣ್ಣನ ಅಭಿಮಾನಿ, ಇದು ಹಿಡಿಸಲಿಕ್ಕಿಲ್ಲ ಅಂದುಕೊಂಡಿದ್ದೆ. ಸೌಂದರ್ಯಳ ಮುಖ ಬಂದಾಗ ಅಮ್ಮ ಮುಖ ನೋಡುತ್ತಿರಲಿಲ್ಲ. ಹಿಂದೆ ನೋಡುತ್ತಿದ್ದಳು. "ಕೊಟ್ಟಿಗೆ ಯಾವ ಕಡೆ ಬಂತು?" ಅಂದಳು. ಸ್ವಲ್ಪ ಹೊತ್ತಿಗೆ, "ಸೌದೆ ಎಲ್ಲಾ ಒದ್ದೆ ಆಗ್ತಿದೆ, ಒಳಗೆ ತಗೊಳ್ಳೋದಲ್ವಾ?" ಮತ್ತೆ, "ದನ ಏನ್ ಮಾಡಿದ್ರು?" ನಾನು ಉತ್ತರ ಕೊಡಲಿಲ್ಲ. ಅಮ್ಮ ಕೇಳಿದ್ದು ನನ್ನನ್ನಲ್ಲ. ದೂರ ನಿಂತ ಕ್ಯಾಮೆರಾ ಅಮ್ಮನಿಗೆ ಅಂಗಳದಲ್ಲಿ ಓಡಾಡಲು ಜಾಗ ಬಿಟ್ಟಿತ್ತು. ಝೂಮ್ ಮಾಡಿದ್ದರೆ ಅವಳು ನಾಗಿಗಾಗಿ ಅಳುತ್ತಿದ್ದಳೇನೋ. ಈಗ ಅವಳು ಸೌದೆ ಒಳಗಿಡುತ್ತಿದ್ದಳು.

ಚಿತ್ರದಲ್ಲಿ ನಾಗಿಯ ಊರಿನ ಕಡೆಯಿಂದ ಕೃಷ್ಣ ಅನ್ನುವ ಹುಡುಗ ಬರುತ್ತಾನೆ, ಗಣಪನಿಗೆ ಅನುಮಾನ ಶುರುವಾಗುತ್ತದೆ. ಆ ಭಾಗ ನನಗೆ ಸ್ವಲ್ಪ ಎಳೆದ ಹಾಗೆ ಅನಿಸಿತು. ಕಾಸರವಳ್ಳಿಯವರಲ್ಲಿ ನನಗೆ ಹಿಡಿಸದ್ದೂ ಇದೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಕಡೆ ಸಣ್ಣ ಪಾತ್ರದವರು ಪಾಠ ಒಪ್ಪಿಸಿದ ಹಾಗೆ ಮಾತಾಡುತ್ತಾರೆ. ಕೆಲವು ವಸ್ತುಗಳನ್ನು 'ಇದಕ್ಕೊಂದು ಅರ್ಥ ಇದೆ, ಗಮನಿಸಿ' ಅನ್ನುವ ಹಾಗೆ ಮುಂದಿಡುತ್ತಾರೆ. ಲೋಟ ಎಣಿಸುವ ಅಪ್ಪನನ್ನು ಫ್ರೇಮಿನ ನಡುವೆ ತಂದು ಕೂರಿಸಿದರೆ ಕೆಡುತ್ತದೆ, ಅವನು ಮೂಲೆಯಲ್ಲೇ ಇರಬೇಕು. ಈ ಮಾತು ಮಂಡಿಯ ಹಿರಿಯರಿಗೆ ಹೇಳಿದಾಗ ಅವರು ಅರ್ಧ ಗಂಟೆ ಜಗಳ ಆಡಿದರು. ಒಪ್ಪಲಿಲ್ಲ.

ಕೊನೆಯಲ್ಲಿ ಗಣಪ ಕೈಚೆಲ್ಲುತ್ತಾನೆ, ನಾಗಿ ಮಾತ್ರ ಬಿಡುವುದಿಲ್ಲ. ಬಿರುಮಳೆಯಲ್ಲಿ, ಸುತ್ತ ಏರಿದ ನೀರಿನಲ್ಲಿ ಮನೆ ಉಳಿಯುವುದು ಅವಳ ದುಡಿತದಿಂದ. ಮಳೆ ನಿಲ್ಲುತ್ತದೆ. ಗಣಪ ಇದೆಲ್ಲ ದೇವರ ದಯೆ ಅನ್ನುತ್ತಾನೆ.

ಅಮ್ಮ ಕನ್ನಡಕ ತೆಗೆದಳು. "ಅಷ್ಟು ಒದ್ದಾಡಿದ್ದು ಅವ್ಳು. ಅವ್ನು ದೇವ್ರಿಗೆ ಕೈ ಮುಗಿತಾನಲ್ಲ" ಅಂದಳು. ಎದ್ದು ಒಳಗೆ ಹೋದಳು. ಅಡಿಗೆಮನೆಯಿಂದ ಕೂಗಿ ಹೇಳಿದಳು, "ನಿಮ್ಮಜ್ಜನೂ ಹಂಗೇ."

ಅಜ್ಜಿ ಆ ಮನೆಯಿಂದ ಏನೇನು ಹೊತ್ತು ತಂದಳು ಅಂತ ನಾನು ಅಲ್ಲಿಯ ತನಕ ಕೇಳಿಯೇ ಇರಲಿಲ್ಲ. ಅವತ್ತು ಕೇಳಿದೆ. ಬಾಗಿಲ ಚೌಕಟ್ಟು, ಒರಳುಕಲ್ಲು, ಎರಡು ಎಮ್ಮೆ. ಒರಳುಕಲ್ಲು ಈಗಲೂ ನಮ್ಮ ಹಿತ್ತಲಲ್ಲಿದೆ, ಅದರ ಗುಳಿಯಲ್ಲಿ ಮಳೆನೀರು ನಿಂತು ನಾಯಿ ಕುಡಿಯುತ್ತದೆ.

ಬರುವ ಭಾನುವಾರ ಒಂದು ಮದುವೆ ಇದೆ. ಪಾರ್ಟಿಯವರು ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದ್ದಾರೆ. ಡ್ರೋನ್, ಗಿಂಬಲ್, ಒಂದು ನಿಮಿಷದ ರೀಲ್ಸ್, ಅಪ್ಪ ಮಗಳ ಎಮೋಷನಲ್ ಸೀನ್ ಸ್ಲೋ ಮೋಷನ್‌ನಲ್ಲಿ ಕಡ್ಡಾಯ. ಕೊನೆಯ ಸಾಲಿಗೆ ಮೂರು ಅಳುವ ಎಮೋಜಿ ಹಾಕಿದ್ದಾರೆ. ಎಲ್ಲದಕ್ಕೂ ಆಯ್ತು ಅಂದಿದ್ದೇನೆ, ಹೊಟ್ಟೆಪಾಡು. ಅಸಿಸ್ಟೆಂಟ್ ಹುಡುಗ ಕಣ್ಣೀರಿನ ಹತ್ತಿರ ಇರುತ್ತಾನೆ, ಅವನ ಕೈ ನನಗಿಂತ ಚುರುಕು.

ನಾನು ಹಳೆಯದೊಂದು ಕ್ಯಾಮೆರಾ ಚಾರ್ಜಿಗೆ ಹಾಕಿದ್ದೇನೆ. ಕಲ್ಯಾಣಮಂಟಪದ ಅಡಿಗೆಮನೆ ಬಾಗಿಲ ಹತ್ತಿರ ಟ್ರೈಪಾಡ್ ಮೇಲೆ ಇಟ್ಟು, ಡಬ್ಲ್ಯುಗೆ ತಿರುಗಿಸಿ, ಆನ್ ಮಾಡಿ ಬಿಟ್ಟು ಬರುವುದು. ಹೋದ ಮದುವೆಯಲ್ಲಿ ಹೀಗೇ ಇಟ್ಟಿದ್ದೆ. ಅಡಿಗೆ ಭಟ್ಟರು ಅದರ ಮೇಲೆ ಟವೆಲ್ ಒಣಹಾಕಿದ್ದರು, ಎರಡು ಗಂಟೆ ಕತ್ತಲೆ ರೆಕಾರ್ಡ್ ಆಗಿತ್ತು. ಈ ಸಲ ಸ್ವಲ್ಪ ಎತ್ತರಕ್ಕೆ ಇಡಬೇಕು.